ಹಣಿಗೆಯ ಹಲ್ಲು ಎತ್ತ ಕಡೆ

ರೋಣದಿಂದ ಯಾವಗಲ್ಲಿಗೆ ಹೊರಟಿದ್ದ ಬಸ್ಸು ಬೆಳವಣಕಿ ದಾಟಿದ ಮೇಲೆ ಒಮ್ಮೆಲೇ ಮೆತ್ತಗಾಯಿತು. ರಸ್ತೆಯ ಮೇಲೆ ಹೆಸರುಕಾಳಿನ ಗಿಡ ಹಾಸಿದ್ದರು. ನಮ್ಮ ಕಡೆ ಶ್ರಾವಣ ಬಂತೆಂದರೆ ಡಾಂಬರು ರಸ್ತೆಯೇ ಕಣ, ಹೋಗಿ ಬರುವ ಗಾಡಿಗಳೇ ತುಳಿಯುವ ಎತ್ತು. ಡ್ರೈವರ್ ಬೈಯುತ್ತಲೇ ಅದರ ಮೇಲೆ ಹಾಯಿಸಿದ. ಗಾಲಿಯ ಕೆಳಗೆ ಕಾಯಿ ಚಟಚಟ ಒಡೆದವು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು: ಅರೆ ಒಣಗಿದ ಸೊಪ್ಪು, ಹಸಿ ಕಾಳು, ಎರೆಮಣ್ಣಿನ ಧೂಳು. ಉಳಿದವರಿಗೆ ಅದು ಸುಗ್ಗಿಯ ವಾಸನೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕಿ, "ಬಸ್ ಆಗಿ ಬರೂದಿಲ್ಲೇನವ್ವಾ?" ಎಂದು ತನ್ನ ಚೀಲದಿಂದ ಲಿಂಬೆಹಣ್ಣು ತೆಗೆದು ಕೊಟ್ಟಳು. ಬಸ್ಸು ಆಗಿಬರುತ್ತದೆ. ಆ ಊರಿಗೆ ಮತ್ತೆ ಹೋಗುವುದು ಆಗಿಬಂದಿರಲಿಲ್ಲ. ನಾಲ್ಕು ವರ್ಷ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ.

ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದವಳು. ಡಾಕ್ಟರಲ್ಲ, ಯಾರನ್ನು ಡಾಕ್ಟರ ಹತ್ತಿರ ಕಳಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಆರಿಸುವವಳು. ಮನೆ ಗಜೇಂದ್ರಗಡದಲ್ಲಿ. ಹಳ್ಳಿಗಳಲ್ಲಿ 'ಕಣ್ಣಿನ ಅಕ್ಕಾರು' ಎನ್ನುತ್ತಾರೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಹೆಸರು ಮಾಡಿದ್ದೆ, ಅದರ ಬಗ್ಗೆ ಸಣ್ಣ ಜಂಬವೂ ಇತ್ತು. ನಾಲ್ಕು ವರ್ಷದ ಹಿಂದೆ ಒಂದು ಸೇವಾ ಸಂಸ್ಥೆಯವರು ರೋಣ, ನರಗುಂದದ ಕಡೆಯ ಹಳ್ಳಿಗಳಲ್ಲಿ ಬಿಪಿ, ಸಕ್ಕರೆ, ಕಣ್ಣು ಮೂರನ್ನೂ ಪುಕ್ಕಟೆ ನೋಡುವ ಶಿಬಿರ ಇಟ್ಟುಕೊಂಡಿದ್ದರು. ಶಿರೋಳ, ಬೆಳವಣಕಿ ಮುಗಿಸಿ ಯಾವಗಲ್ಲಿಗೆ ಬಂದಾಗ ಶ್ರಾವಣ ಅರ್ಧ ಕಳೆದಿತ್ತು. ಹೊಲದಲ್ಲಿ ಹೆಸರಿನ ಕಾಯಿ ಮಾಗಿ ಕಪ್ಪಾಗಿದ್ದವು. ಮಾಗಿದ ಕಾಯಿಯ ಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಹಾಗಾಗಿ ಊರಿಗೆ ಊರೇ ಆಕಾಶ ನೋಡುತ್ತಾ ಓಡಾಡುತ್ತಿತ್ತು. ಆಕಾಶವೋ, ದಿನಾ ಮಧ್ಯಾಹ್ನವಾಗುತ್ತಲೇ ಪಡುವಣದ ಕಡೆ ಕಪ್ಪಾಗಿ ಗುಡುಗುತ್ತಿತ್ತು. ಊರಲ್ಲಿ ಒಂದು ಹನಿ ಇಲ್ಲ.

"ಇಲ್ಲಿ ಬೀಳೂ ಮಳಿಗೆ ನಾವು ಅಂಜೂದಿಲ್ರಿ," ಎಂದಿದ್ದಳು ಆಶಾ ಕಾರ್ಯಕರ್ತೆ ರೇಣುಕಾ, ಮೊದಲ ದಿನವೇ. "ಅಲ್ಲಿ ಬೀಳೂ ಮಳಿಗೆ ಅಂಜತೀವಿ. ಬೆಣ್ಣಿಹಳ್ಳ ಹೇಳಿ ಕೇಳಿ ಬರೂದಲ್ಲ. ಇಲ್ಲಿ ಬಿಸಿಲ ಇರ್ತೈತಿ, ನೋಡನೋಡ್ತಿದ್ದಂಗ ಹಳ್ಳ ತುಂಬಿ ಬಂದಿರ್ತೈತಿ."

ರೇಣುಕಾ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಅದೇ ಊರಿನ ಸೊಸೆ. ಶಿಬಿರ ನಡೆದದ್ದು ಸಾಲೆಯ ಪಡಸಾಲೆಯಲ್ಲಿ. ಒಂದು ತುದಿಗೆ ರಕ್ತ ತೆಗೆಯುವವರು, ನಡುವೆ ಬಿಪಿ, ಇನ್ನೊಂದು ತುದಿಗೆ ನಾನು, ನನ್ನ ಕೋಲು ಮತ್ತು ಗೋಡೆಯ ಮೇಲಿನ ಪಟ. ಓದಲು ಬಾರದವರಿಗಾಗಿ ಇರುವ ಪಟವದು. ಅದರಲ್ಲಿ ಅಕ್ಷರಗಳಿಲ್ಲ, ಮೂರು ಹಲ್ಲಿನ ಒಂದೇ ಚಿತ್ರ, ಮೇಲಿನ ಸಾಲಿನಲ್ಲಿ ದೊಡ್ಡದು, ಕೆಳಗೆ ಇಳಿದಂತೆ ಸಣ್ಣದು. ಹಲ್ಲು ಕೆಲವು ಬಲಕ್ಕೆ, ಕೆಲವು ಎಡಕ್ಕೆ, ಕೆಲವು ಮೇಲಕ್ಕೆ, ಕೆಳಕ್ಕೆ. ಹೆಂಗಸರು ನೋಡಿದ ಕೂಡಲೇ ಅದಕ್ಕೆ 'ಹಣಿಗಿ' ಎಂದು ಹೆಸರಿಟ್ಟರು. ಹಾಗಾಗಿ ನಾನೂ, "ಹಣಿಗಿ ಹಲ್ಲು ಎತ್ತ ಕಡೆ ಅದಾವ?" ಎಂದೇ ಕೇಳತೊಡಗಿದೆ. ಒಂದು ಕಣ್ಣು ಮುಚ್ಚಿಕೊಂಡು ಅವರು ಕೂಗಿ ಹೇಳಬೇಕು. ಮುದುಕರು ಸಾಲೆಯ ಹುಡುಗರ ಹಾಗೆ ಗಟ್ಟಿಯಾಗಿ ಕೂಗುತ್ತಿದ್ದರು, ಸರಿ ಹೇಳಿದರೆ ಹಿಂದೆ ಕೂತವರು ಚಪ್ಪಾಳೆ ತಟ್ಟುತ್ತಿದ್ದರು.

ರೇಣುಕಾಳನ್ನು ಪಟದ ಬದಿಗೆ ನಿಲ್ಲಿಸಿದ್ದೆ, ಉತ್ತರ ಸರಿಯೋ ತಪ್ಪೋ ಗುರುತು ಹಾಕಲು. ಅವಳು ಜನರ ಕಡೆ ಮುಖ ಮಾಡಿ ನಿಂತು, ಅವರ ಕೂಗು ಬಿಟ್ಟು, ಕೈ ಮಾಡಿದಂತೆಲ್ಲ ತನ್ನ ಎಡ-ಬಲ ಲೆಕ್ಕ ಹಿಡಿದು ಬರೆದು, ಬೆಳಗಿನ ಅರ್ಧ ತಾಸಿನಲ್ಲಿ ಊರಿನ ಅರ್ಧ ಮಂದಿಯನ್ನು ಕುರುಡರನ್ನಾಗಿ ಮಾಡಿಬಿಟ್ಟಳು. ನಾನು ಎಲ್ಲರ ಮುಂದೆಯೇ ಬೈದೆ.

"ಎದುರಿಗೆ ನಿಂತಾಗ ನಿನ್ನ ಎಡಾ ಅವರಿಗೆ ಬಲಾ ಆಗ್ತೈತೆವ್ವ. ನಿನ್ನ ಕೈ ನೋಡಬ್ಯಾಡ, ಅವರ ಕೈ ನೋಡು. ಇಷ್ಟು ತಿಳಿಯೂದಿಲ್ಲ?"

ಎಲ್ಲರೂ ನಕ್ಕರು. ರೇಣುಕಾ ಮೋರೆ ಸಣ್ಣದು ಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮಧ್ಯಾಹ್ನದ ಹೊತ್ತಿಗೆ ದಾವಲಸಾಬ ಬಂದ. ಬಂದ ಎನ್ನುವುದಕ್ಕಿಂತ ಹೆಂಡತಿ ಮಾಬೂಬಿ ಎಳೆದುಕೊಂಡು ಬಂದಳು. ಐವತ್ತೈದರ ಆಸುಪಾಸಿನ ಮನುಷ್ಯ, ಬಿಳಿ ಟೊಪ್ಪಿಗೆ, ನೀಟಾದ ಮೀಸೆ. ಊರಿನ ಸಾಹುಕಾರರೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹೆಸರು ಬಿಡಿಸುವ ಹೆಣ್ಣಾಳುಗಳನ್ನು ಬೆಳಿಗ್ಗೆ ಟ್ರೇಲರಿನಲ್ಲಿ ಹಳ್ಳದ ಆಚೆಯ ಹೊಲಕ್ಕೆ ಒಯ್ಯುವುದು, ಸಂಜೆ ಮರಳಿ ತರುವುದು ಅವನ ಕೆಲಸ. ಅದಕ್ಕಿಂತ ಹೆಚ್ಚಾಗಿ ಸುತ್ತಿನ ಹತ್ತು ಊರಿಗೆ ಅವನು ಮೊಹರಂ ಪದ ಹಾಡುವ ದಾವಲಸಾಬ. ಅಲಾಯಿಯ ಬೆಂಕಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರೆಲ್ಲ ಹೆಜ್ಜೆ ಹಾಕುವಾಗ ಬೆಳತನಕ ಹಾಡುವವನು ಅವನೇ. ಸಾಲಿ ಕಟ್ಟೆ ಹತ್ತಿದವನಲ್ಲ. ಒಂದು ಪದವನ್ನು ಒಂದು ಸಲ ಕೇಳಿದರೆ ಸಾಕು, ನುಡಿ ತಪ್ಪದೆ ಹೇಳುತ್ತಾನೆ ಎಂದು ರೇಣುಕಾ ನನಗೆ ಹೆಮ್ಮೆಯಿಂದ ಹೇಳಿದ್ದಳು.

"ರಾತ್ರಿ ನಾಕ ಸಲ ಏಳ್ತಾನ್ರಿ ಉಚ್ಚಿ ಹೊಯ್ಯಾಕ. ಕೊಡ ನೀರ ಕುಡೀತಾನ," ಎಂದಳು ಮಾಬೂಬಿ. "ತೋರಸು ಅಂದ್ರ ತೋರಸೂದಿಲ್ಲ. ನನ್ನ ಮಾತ ಎಂದ ಕೇಳ್ಯಾನ್ರಿ ಇಂವ? ನಾ ಬಲಕ್ಕ ಅಂದ್ರ ಎಡಕ್ಕ ಹೋಗಾಂವ."

"ಅದಕ್ಕ ಇನ್ನಾ ಬದಕೇನಿ," ಎಂದು ದಾವಲಸಾಬ ನಕ್ಕ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ರಕ್ತ ನೋಡಿದವರು ಅವನ ಚೀಟಿಯ ಮೇಲೆ ಕೆಂಪು ಗೆರೆ ಎಳೆದು ಕಳಿಸಿದರು. ಸಕ್ಕರೆ ಎಷ್ಟೋ ವರ್ಷದಿಂದ ಹೇಳದೆ ಕೇಳದೆ ಮೈಯಲ್ಲಿ ಮನೆ ಮಾಡಿತ್ತು. ಅಂಥವರ ಕಣ್ಣನ್ನು ಪಟ ಓದಿಸಿ ಬಿಡಬಾರದು, ಓದಿದರೂ ಸರಿ, ಔಷಧದ ಹನಿ ಹಾಕಿ ಒಳಗಿನ ಪರದೆ ನೋಡುವ ಡಾಕ್ಟರ ಹತ್ತಿರ ಕಳಿಸಲೇಬೇಕು. ಇದು ನನಗೆ ಗೊತ್ತಿಲ್ಲದ ಮಾತಲ್ಲ. ಆದರೆ ಅವನ ಹಿಂದೆ ಇನ್ನೂ ಅರವತ್ತು ಮಂದಿ ಕೂತಿದ್ದರು, ಮೋಡ ಕವಿಯುತ್ತಿತ್ತು, ನನಗೆ ಐದು ಗಂಟೆಯ ಬಸ್ಸು ಹಿಡಿಯಬೇಕಿತ್ತು.

ಅವನು ಕೂತ. ನಾನು ಕೋಲಿಟ್ಟೆ. "ಹಲ್ಲು ಎತ್ತ ಕಡೆ ಅದಾವ, ಅಣ್ಣಾರ?"

"ಬಲಕ್ಕ. ಮ್ಯಾಲಕ್ಕ. ಎಡಕ್ಕ. ಕೆಳಕ್ಕ. ಎಡಕ್ಕ, ಎಡಕ್ಕ, ಮ್ಯಾಲಕ್ಕ, ಬಲಕ್ಕ..."

ಕೊನೆಯ ಸಾಲಿನವರೆಗೂ ತಡೆಯಿಲ್ಲದೆ ಹೇಳಿದ. ಎಷ್ಟು ಸಲೀಸಾಗಿ ಎಂದರೆ ಎರಡು ಕಡೆ ನನ್ನ ಕೋಲು ಮುಟ್ಟುವ ಮೊದಲೇ ಉತ್ತರ ಬಂದಿತ್ತು. ಇನ್ನೊಂದು ಕಣ್ಣು ಮುಚ್ಚಿಸಿದೆ. ಅದೇ ಉತ್ತರ, ಅದೇ ಲಯ. ಹಿಂದೆ ಕೂತವರು ಚಪ್ಪಾಳೆ ತಟ್ಟಿದರು. ನಾನು ಬೆಳಗಿನಿಂದ ಎಲ್ಲರಿಗೂ ಮೇಲಿನಿಂದ ಕೆಳಕ್ಕೆ ಒಂದೇ ಕ್ರಮದಲ್ಲಿ ಕೋಲಿಡುತ್ತಿದ್ದೆ. ಅವನು ಒಂದು ತಾಸು ಸಾಲಿನಲ್ಲಿ ಕೂತು ಮೂವತ್ತು ಮಂದಿ ಕೂಗಿದ್ದನ್ನು ಕೇಳಿದ್ದ. ಒಂದೇ ಸಲ ಕೇಳಿದ್ದನ್ನು ಬಿಡದೆ ಹೇಳುವವನಿಗೆ ಮೂವತ್ತು ಸಲ ಕೇಳಿದ್ದು ಹೆಚ್ಚೇ ಆಯಿತು. ಇದು ಈಗ ಹೊಳೆಯುತ್ತದೆ. ಆಗ ನಾನು, "ಕಣ್ಣೇನ ಹದ್ದಿನ ಕಣ್ಣ ಅದಾವಲ್ರಿ!" ಎಂದು ಹೊಗಳಿ ಚೀಟಿಯ ಮೇಲೆ 'ಎರಡೂ ಕಣ್ಣು ಸರಿ ಇವೆ' ಎಂದು ಬರೆದು ಸಹಿ ಹಾಕಿದೆ.

ಆ ಚೀಟಿಯನ್ನು ಅವನು ಎರಡು ಸಲ ಮುಟ್ಟಿ ನೋಡಿದ, ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಯ ಕಿಸೆಯಲ್ಲಿಟ್ಟ. ಹೋಗುವಾಗ ಪಡಸಾಲೆಯ ಮೆಟ್ಟಿಲ ಹತ್ತಿರ ನಿಂತು ಕಾಲಿನಿಂದ ಅಂಚು ಹುಡುಕಿದ. ನಾನು ಅದನ್ನು ನೋಡಿದೆ. ಬಿಸಿಲಿಗೆ ಕಣ್ಣು ಕುಕ್ಕಿರಬೇಕು ಅಂದುಕೊಂಡೆ. ಆದರೆ ಅವತ್ತು ಬಿಸಿಲೇ ಇರಲಿಲ್ಲ.

ಅವನ ನಂತರ ಕೂತವಳು ನೀಲವ್ವ. ಹೊಲದ ಕೆಲಸಕ್ಕೆ ಹೆಣ್ಣಾಳು ಕೂಡಿಸುವವಳು ಅವಳು. ಹನ್ನೊಂದು ಮಂದಿಯ ಗುಂಪು ಅವಳ ಮಾತಿನ ಮೇಲೆ ಏಳುತ್ತಿತ್ತು, ಕೂಡುತ್ತಿತ್ತು. ಎತ್ತರದ ಆಳು, ದೊಡ್ಡ ಕುಂಕುಮ, ಸೊಂಟಕ್ಕೆ ಸೆರಗು. ಎಡಗಣ್ಣು ಚೆನ್ನಾಗಿತ್ತು. ಬಲಗಣ್ಣಿನಲ್ಲಿ ಪೊರೆ ಪೂರಾ ಬಲಿತು ಬೆಳ್ಳಗೆ ಕಾಣುತ್ತಿತ್ತು. ಮರುವಾರ ಗದಗಿನ ಕಣ್ಣಿನ ದವಾಖಾನೆಯಲ್ಲಿ ಪುಕ್ಕಟೆ ಆಪರೇಷನ್ ತಾರೀಖು ಇತ್ತು, ಕರೆದೊಯ್ಯಲು ಗಾಡಿಯೂ ಬರುವುದಿತ್ತು. ನಾನು ಅವಳ ಹೆಸರು ಬರೆದುಕೊಂಡೆ.

"ಈಗ ಒಲ್ಲೆರಿ ಅಕ್ಕಾರ," ಎಂದಳು.

"ಅಂಜಿಕಿ ಏನ?"

"ಅಂಜಿಕಿ ಅಲ್ರಿ. ಹೆಸರ ಬಿಡಿಸೂದ ಮುಗೀಲಿ. ಹದಿನೈದ ದಿನ ಬಿಡ್ರಿ."

"ಊರ ಹೆಸರೆಲ್ಲ ನೀ ಒಬ್ಬಾಕೀನ ಬಿಡಸ್ತೀ? ನೀ ಇಲ್ಲಂದ್ರ ಹೊತ್ತ ಹುಟ್ಟೂದಿಲ್ಲೇನ?"

ಹಿಂದಿನವರು ನಕ್ಕರು. ನೀಲವ್ವ ನಗಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ ದಾವಲಸಾಬನ ಕಡೆ ನೋಡಿದಳು. "ಒಲ್ಲೆರಿ," ಎಂದಳು ಮತ್ತೆ. ನನಗೆ ಸಿಟ್ಟು ಬಂತು. ಇಂಥ ಒಲ್ಲೆಗಳನ್ನು ದಿನಾ ಕೇಳಿ ಕೇಳಿ ಕಿವಿ ದಡ್ಡು ಬಿದ್ದಿತ್ತು: ಮೊಮ್ಮಗಳ ಮದುವೆಯಾಗಲಿ, ಎಮ್ಮೆ ಈಯಲಿ, ಅಮಾವಾಸ್ಯೆ ಹೋಗಲಿ. ಈ ತಾರೀಖು ಬಿಟ್ಟರೆ ಮತ್ತೆ ಸಿಗುವುದಿಲ್ಲ, ಕಣ್ಣು ಹೋದ ಮೇಲೆ ನನ್ನ ಮುಂದೆ ಬಂದು ಅಳಬೇಡ ಎಂದು ಗದರಿಸಿದೆ. ಸಂಜೆ ರೇಣುಕಾಳನ್ನು ಅವಳ ಮನೆಗೆ ಕಳಿಸಿ ಮಗ ಸೊಸೆಯನ್ನೂ ಒಪ್ಪಿಸಿದೆ. ಎರಡೆರಡು ಸಲ ಒಲ್ಲೆ ಎಂದ ಹೆಂಗಸಿಗೆ, ಯಾಕವ್ವಾ ಎಂದು ಒಂದು ಸಲ ಕೇಳಲಿಲ್ಲ. ಅದೊಂದು ಮಾತು ಕೇಳಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಗಾಡಿ ಬಂದ ದಿನ ನೀಲವ್ವ ಕೊನೆಗೆ ಹತ್ತಿದಳು. ಊರ ಬಾಗಿಲ ಹತ್ತಿರ ದಾವಲಸಾಬ ನಿಂತಿದ್ದ. ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ, "ಎರಡ ದಿನ ಹೊಲಕ್ಕ ಹೋಗಬ್ಯಾಡೋ ಅಣ್ಣಾ, ಗಾಡಿ ಕೆಟ್ಟೈತಿ ಅಂತ ಹೇಳು," ಎಂದಳು. ಅವನು, "ಸಾಹುಕಾರ್ರು ಬಿಡ್ತಾರೇನ ತಂಗಿ? ಮೋಡ ನೋಡಿಲ್ಲಿ. ನೀ ಚಿಂತಿ ಮಾಡಬ್ಯಾಡ, ಮಾಬೂಬಿ ಬರ್ತಾಳ," ಎಂದ. ನನಗೆ ಅದು ಕೆಲಸದ ಮಾತಿನಂತೆ ಕೇಳಿಸಿತು. ದಾರಿಯುದ್ದಕ್ಕೂ ಅವಳು ಪಡುವಣದ ಕಡೆಯ ಕಿಟಕಿ ಬಿಟ್ಟು ಏಳಲಿಲ್ಲ. "ಆ ಕಡೆ ಮಳಿ ಆಗಾಕತ್ತೈತೇನ್ರಿ?" ಎಂದು ನಾಲ್ಕು ಸಲ ಕೇಳಿದಳು. ನಾನು, "ಕಣ್ಣ ಆಪರೇಷನ್ ಆಗಲಿ, ನೀನ ನೋಡೀಯಂತ," ಎಂದು ಚೇಷ್ಟೆ ಮಾಡಿದೆ.

ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ಗದಗಿನಲ್ಲಿ ಬಿಸಿಲಿತ್ತು. ಮಧ್ಯಾಹ್ನ ನಾಲ್ಕರ ಸುಮಾರಿಗೆ ನಾನು ವಾರ್ಡಿನಲ್ಲಿ ಪೇಷಂಟುಗಳ ಚೀಟಿ ಜೋಡಿಸುತ್ತ ಕೂತಿದ್ದಾಗ ರೇಣುಕಾಳ ಫೋನು ಬಂತು. ಮೊದಲು ಬರೀ ಅಳು. ಹಿಂದೆ ಹೆಂಗಸರ ಕಿರುಚಾಟ, ನೀರಿನ ಸದ್ದು. "ಹಳ್ಳ ಬಂತ್ರಿ ಅಕ್ಕಾರ... ದಾವಲಸಾಬ ಕಾಕಾ... ಟ್ರ್ಯಾಕ್ಟರ್ ಸುದ್ದಾ..." ಅಷ್ಟೇ ಗೊತ್ತಾಯಿತು. ನಾನು ಮಾತೇ ಆಡಿರಲಿಲ್ಲ. ಪಕ್ಕದ ಮಂಚದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನೀಲವ್ವ ಎದ್ದು ಕೂತಿದ್ದಳು.

"ಹಳ್ಳ ಬಂತಲ್ರಿ?" ಎಂದಳು. ಆಮೇಲೆ, "ಮಡ್ಗಾರ್ಡ್ ಮ್ಯಾಲ ಯಾರ ಕುಂತಿದ್ರು ಕೇಳ್ರಿ," ಎಂದಳು.

ಅವಳ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು, ಮಂಚದ ಕಬ್ಬಿಣ ಹಿಡಿದುಕೊಂಡು, ಅಳದೆ. ಎರಡು ವರ್ಷದಿಂದ ದಾವಲಸಾಬನಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರಾ ಕುರುಡೇನಲ್ಲ. ಬಿಳಿದು ಕರಿದು ತಿಳಿಯುತ್ತಿತ್ತು, ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರು, ರಸ್ತೆಯ ಅಂಚು ಗೊತ್ತಾಗುತ್ತಿರಲಿಲ್ಲ. ನೀಲವ್ವ ಡ್ರೈವರಿನ ಬದಿಯ ಮಡ್ಗಾರ್ಡಿನ ಮೇಲೆ ಕೂತು ಅವನಿಗೆ ಕೇಳುವಂತೆ ದಾರಿ ಹೇಳುತ್ತಿದ್ದಳು. ಯಾರಾದರೂ ಎದುರಿಗೆ ಸಿಕ್ಕರೆ ಅದನ್ನೇ ಹಾಡಿನ ಧಾಟಿಗೆ ತಿರುಗಿಸುತ್ತಿದ್ದಳು. ಎಡಕ್ಕ, ಬಲಕ್ಕ, ನಿಂದ್ರು, ನಡಿ. ಟ್ರೇಲರಿನಲ್ಲಿದ್ದ ಹನ್ನೊಂದು ಹೆಂಗಸರಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹತ್ತುತ್ತಿದ್ದರು.

"ಜೀವದ ಮ್ಯಾಲ ಆಸೆ ಇರಲಿಲ್ಲೇನ ನಿಮಗ?" ಎಂದು ಕೂಗಿಬಿಟ್ಟೆ.

"ಇತ್ತಂತನ ಅವನ ಗಾಡಿ ಹತ್ತತಿದ್ವಿರಿ," ಎಂದಳು ನೀಲವ್ವ. "ಕಣ್ಣಿದ್ದಾವ್ರು ಕುಡದು ಓಡಸ್ತಾರ. ಹಿಂದ ಹೆಣಮಕ್ಕಳ ಅದಾರ ಅಂತ ನೋಡೂದಿಲ್ಲ, ಹೊಲಸ ಹಾಡ ಹಚ್ಚಿ ಬಿಡ್ತಾರ. ಇಂವ ಹನಿ ಮುಟ್ಟೂದಿಲ್ಲ, ತಲಿ ಎತ್ತಿ ನೋಡೂದಿಲ್ಲ, ಹೊತ್ತ ಮುಣಗೂದ್ರಾಗ ಮನಿ ಮುಟ್ಟಸ್ತಾನ. ಅವನಿಗೆ ಕಣ್ಣ ಇಲ್ಲ, ನನಗ ಒಂದ ಐತಿ. ಇಬ್ಬರಿಗೂ ಸಾಕಾಗಿತ್ತರಿ."

ಆ ಒಂದು ಕಣ್ಣನ್ನು ನಾನು ಗಾಡಿ ಹತ್ತಿಸಿ ತಂದಿದ್ದೆ. ಇದನ್ನು ಅವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸಾಹುಕಾರರಿಗೆ ಅವನ ಕಣ್ಣಿನ ಮೇಲೆ ಗುಮಾನಿ ಬಂದಿತ್ತಂತೆ, ಬೇರೆ ಡ್ರೈವರನ್ನು ನೋಡುತ್ತಿದ್ದರಂತೆ. ಶಿಬಿರದ ಮರುದಿನ ದಾವಲಸಾಬ ನನ್ನ ಚೀಟಿ ತೋರಿಸಿದ. 'ಎರಡೂ ಕಣ್ಣು ಸರಿ ಇವೆ.' ಕಲಿತವರು ಬರೆದದ್ದು, ಕೆಳಗೆ ಸಹಿ. ಅವರು ನಂಬಿದರು. ಅವತ್ತು ರಾತ್ರಿ ವಾರ್ಡಿನ ಬೆಂಚಿನ ಮೇಲೆ ನಾನು ನನ್ನ ಸಹಿಯನ್ನೇ ನೆನೆಯುತ್ತ ಕೂತೆ. ಅಂಥ ಚೆಂದದ ಸಹಿ ನನ್ನದು, ಕಾಲೇಜಿನಲ್ಲಿ ರೂಢಿ ಮಾಡಿಕೊಂಡದ್ದು. ಅದರ ಮೇಲೆ ಅಸಹ್ಯ ಹುಟ್ಟಿತು.

ದಾವಲಸಾಬ ಮರುದಿನ ಸಿಕ್ಕ, ಎರಡು ಮೈಲಿ ಕೆಳಗೆ, ಜಾಲಿಗಿಡದ ಬುಡದಲ್ಲಿ. ಕಿಸೆಯಲ್ಲಿ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಒಳಗೆ ನೀರು ಹೋಗಿರಲಿಲ್ಲ. ಪಂಚನಾಮೆಗೆ ಬಂದವರು ಚೀಟಿ ಓದಿ, ಕಣ್ಣು ಸರಿ ಇದ್ದವಲ್ಲ, ಹಾಗಾದರೆ ನೀರಿನ ಸೆಳವೇ ಕಾರಣ ಎಂದು ಬರೆದುಕೊಂಡು ಹೋದರು. ನಾನು ನಮ್ಮ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು, "ಇನ್ನು ಮ್ಯಾಲೆ ಒಂದೇ ಸಾಲಿನಾಗ ಕೋಲು ಇಡಬ್ಯಾಡ್ರಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹಳ್ಳದ ದಂಡೆಯಲ್ಲಿ ನಿಜವಾಗಿ ನಡೆದದ್ದು ನನಗೆ ಗೊತ್ತಾದದ್ದು ಅವನನ್ನು ಮಣ್ಣು ಮಾಡಿದ ಮೇಲೆ. ರೇಣುಕಾ ರೋಣದ ಬಸ್ ಸ್ಟ್ಯಾಂಡಿಗೆ ಬಂದು, ನನ್ನನ್ನು ಮೂಲೆಗೆ ಕರೆದು ಹೇಳಿದಳು. ಅವಳ ಅತ್ತೆ ಆ ಹನ್ನೊಂದು ಮಂದಿಯಲ್ಲಿ ಒಬ್ಬಳು.

ಅವತ್ತು ಮಡ್ಗಾರ್ಡಿನ ಮೇಲೆ ಮಾಬೂಬಿ ಕೂತಿದ್ದಳು. ಹೋಗುವಾಗ ಏನೂ ಆಗಲಿಲ್ಲ. ಮೂರು ಗಂಟೆಗೆ ಹಳ್ಳದ ಸದ್ದು ಬದಲಾಯಿತು. ಹೆಸರಿನ ಚೀಲ ಹೇರಿಕೊಂಡು ಎಲ್ಲರೂ ತಗ್ಗಿನ ಸೇತುವೆಯ ಹತ್ತಿರ ಬಂದಾಗ ನೀರು ಇನ್ನೂ ಮೇಲೆ ಹತ್ತಿರಲಿಲ್ಲ, ಅಂಚು ನೆಕ್ಕುತ್ತಿತ್ತು. ದಾವಲಸಾಬ ಗಾಡಿ ನಿಲ್ಲಿಸಿದ. ಎಲ್ಲರೂ ಇಳಿದು ನಡೆದು ದಾಟಿರಿ, ನಾನು ಹಿಂದೆ ತರುತ್ತೇನೆ ಎಂದ. ಮಾಬೂಬಿ ಇಳಿಯಲು ಒಪ್ಪಲಿಲ್ಲ. ಜಗಳವೇ ಆಯಿತು. "ಇಳಿ ಅಂದ್ರ ಇಳಿ, ಒಬ್ಬಾಂವ ಹೋದ್ರ ಒಬ್ಬಾಂವ," ಎಂದು ಅವನು ಅವಳ ರಟ್ಟೆ ಹಿಡಿದು ಇಳಿಸಿದನಂತೆ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ದಾಟಿದರು. ಅವರು ಈಚೆ ದಂಡೆ ಮುಟ್ಟುವಷ್ಟರಲ್ಲಿ ಕೆಂಪು ನೀರು ಸೇತುವೆಯ ಮೇಲೆ ಹರಡಿಬಿಟ್ಟಿತು, ಪಾದ ಮುಳುಗುವಷ್ಟು. ಅಂಚಿಗೆ ಸುಣ್ಣ ಬಳಿದ ಕಲ್ಲುಗಳ ತುದಿ ಮಾತ್ರ ಕಾಣುತ್ತಿತ್ತು, ಕಣ್ಣಿದ್ದವರಿಗೆ.

ಅವನು ನಡುವಿನತನಕ ನೆಟ್ಟಗೆ ಬಂದ. ಆಮೇಲೆ ಗಾಡಿ ತನ್ನ ಎಡ ಅಂಚಿಗೆ ಸರಿಯತೊಡಗಿತು. ದಂಡೆಯ ಮೇಲೆ ಅವನಿಗೆ ಎದುರಾಗಿ ನಿಂತಿದ್ದ ಹೆಂಗಸರಿಗೆ ಅದು ಬಲಗಡೆ. ಮಾಬೂಬಿ ಎಲ್ಲರಿಗಿಂತ ಮುಂದೆ, ನೀರಿಗಿಳಿದು ನಿಂತು, ಎದೆ ಬಿರಿಯುವಂತೆ ಕೂಗಿದಳು: "ಎಡಕ್ಕ! ಎಡಕ್ಕ ತಗೋ!" ಹಿಂದಿದ್ದ ಹನ್ನೊಂದು ಮಂದಿಯೂ ಅದನ್ನೇ ಕೂಗಿದರು. ಅದು ಅವರ ಎಡ. ನೀಲವ್ವ ಎರಡು ವರ್ಷ ಅವನ ಪಕ್ಕದಲ್ಲಿ, ಅವನ ಮುಖ ಇದ್ದ ಕಡೆಗೇ ಮುಖ ಮಾಡಿ ಕೂತು ಹೇಳಿದ್ದ ಎಡಕ್ಕೆ, ತನ್ನದೇ ಎಡಕ್ಕೆ, ದಾವಲಸಾಬ ಸ್ಟೇರಿಂಗ್ ತಿರುವಿದ.

"ನೀವು ನನಗ ಬೈದಿದ್ರಿ ನೆನಪೈತೇನ್ರಿ ಅಕ್ಕಾರ?" ರೇಣುಕಾ ನನ್ನ ಕೈ ಹಿಡಿದಿದ್ದಳು. "ಎದುರಿಗೆ ನಿಂತಾಗ ನಿನ್ನ ಎಡಾ ಅವರಿಗೆ ಬಲಾ ಅಂತ. ನನಗ ಅಷ್ಟ ಹೇಳಿದ್ರಿ. ಅವರಿಗೆ ಯಾರ ಹೇಳಬೇಕಿತ್ತರಿ?"

ಕೊನೆಗೆ ಅವಳು, ಈ ಎಡ-ಬಲದ ಮಾತು ತನಗೆ ಹೊಳೆದಿದೆ, ಅತ್ತೆಗೂ ಹೊಳೆದಿದೆ, ನೀಲವ್ವನಿಗೆ ಹೊಳೆಯದೆ ಇರುವುದಿಲ್ಲ, ಆದರೆ ಮಾಬೂಬಿ ಕಾಕಿಗೆ ಮಾತ್ರ ಯಾರೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಳು. ನಾನು ಒಪ್ಪಿದೆ. ಅದೇ ವಾರ ಒಂದು ಸಲ ಮಾಬೂಬಿಯ ಮನೆಗೆ ಹೋಗಬೇಕೆಂದು ಯಾವಗಲ್ಲಿಗೆ ಬಂದು, ಓಣಿಯ ತಿರುವಿನಲ್ಲಿ ಅವಳ ಬಾಗಿಲಿಗೆ ಇಳಿಬಿಟ್ಟ ಗೋಣಿತಟ್ಟಿನ ಪರದೆ ನೋಡಿ, ಅಲ್ಲಿಂದಲೇ ತಿರುಗಿ ಬಸ್ಸು ಹತ್ತಿದ್ದೆ. ಮೊಹರಮ್ಮಿನಲ್ಲಿ ಆ ವರ್ಷದ ನಂತರ ಅಲ್ಲಿ ಬೇರೆ ಊರಿನವರು ಬಂದು ಹಾಡುತ್ತಾರಂತೆ. ನೀಲವ್ವನ ಕಣ್ಣು ಚೆನ್ನಾಗಿದೆ. ಎರಡು ಕಣ್ಣಿನ ನೀಲವ್ವ ಹೆಣ್ಣಾಳು ಕೂಡಿಸುವುದನ್ನು ಬಿಟ್ಟಿದ್ದಾಳೆ.

ಇಷ್ಟೆಲ್ಲ ಆಗಿ ನಾಲ್ಕು ವರ್ಷಕ್ಕೆ ಮತ್ತೆ ಅದೇ ಸಾಲೆ, ಅದೇ ಪಡಸಾಲೆ. ಈ ಸಲ ಸಾಲು ಕೂಡುವುದು ಹೊರಗೆ, ಬೇವಿನ ಗಿಡದ ಕೆಳಗೆ, ಒಳಗೆ ಒಬ್ಬೊಬ್ಬರೇ. ನನ್ನ ಹತ್ತಿರ ಮೂರು ಪಟಗಳಿವೆ, ಬದಲಿಸುತ್ತಿರುತ್ತೇನೆ, ಕೋಲು ಮನಸ್ಸಿಗೆ ಬಂದ ಕಡೆ ಇಡುತ್ತೇನೆ. ಸಕ್ಕರೆಯ ಕೆಂಪು ಗೆರೆ ಇದ್ದವರನ್ನು, ಪಟ ಓದಿದರೂ ಸರಿ, ಬಿಡುವುದಿಲ್ಲ. ಕೆಲಸ ನಿಧಾನ. ಹೊರಗಿನವರು ಬೈಯುತ್ತಾರೆ, ಬೈಯಲಿ. ಪಡುವಣದಲ್ಲಿ ಮತ್ತೆ ಗುಡುಗುತ್ತಿತ್ತು. ಮೂರು ಗಂಟೆಯ ಸುಮಾರಿಗೆ ರೇಣುಕಾ ಒಳಗೆ ಬಂದು ಏನೂ ಹೇಳದೆ ಬಾಗಿಲ ಬದಿಗೆ ಸರಿದು ನಿಂತಳು. ಅವಳ ಹಿಂದೆ ಮಾಬೂಬಿ.

ಸಣ್ಣಗಾಗಿದ್ದಳು. ಕುರ್ಚಿಯ ಮೇಲೆ ಕೂತು ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು. ನಾನು ಕೋಲು ಎತ್ತಿ ನಡುವಿನ ಸಾಲಿನ ಒಂದು ಚಿತ್ರದ ಮೇಲಿಟ್ಟೆ.

"ಹಲ್ಲು ಎತ್ತ ಕಡೆ ಅದಾವ, ಅಕ್ಕಾ?"

ಅವಳು ಪಟದ ಕಡೆ ತಿರುಗಿದಳು. ನಾನು ಮತ್ತೊಮ್ಮೆ ಕೇಳಿದೆ.

"ಬಾಯಿಲೆ ಹೇಳಾಕ ಒಲ್ಲೆರಿ," ಎಂದಳು. "ಕೈ ಮಾಡಿ ತೋರಸ್ತೀನಿ."

ಬಾಗಿಲ ಹತ್ತಿರ ರೇಣುಕಾ ತಲೆ ತಗ್ಗಿಸಿದ್ದು ಕಂಡಿತು. ಸರಿ, ಕೈ ಮಾಡು ಎಂದು ಮುಗಿಸಿಬಿಡಬಹುದಿತ್ತು. ಆದರೆ ಇದೇ ಕುರ್ಚಿಯಲ್ಲಿ ಒಬ್ಬಳು ಒಲ್ಲೆ ಎಂದಾಗ ನಾನು ಕೇಳದೆ ಬಿಟ್ಟ ಮಾತೊಂದಿತ್ತು.

"ಯಾಕಕ್ಕಾ?" ಎಂದೆ.

ಮಾಬೂಬಿ ಪಟವನ್ನೇ ನೋಡುತ್ತಿದ್ದಳು.

"ಮೂವತ್ತ ವರ್ಷ ಬಾಳೇ ಮಾಡಿದೆರಿ. ಒಂದ ದಿನಾ ನನ್ನ ಮಾತ ಕೇಳಿದಾಂವಲ್ಲ," ಎಂದಳು. "ಅವತ್ತ ಎಡಕ್ಕ ಅಂದೆ. ಕೇಳಿದ."